ಕಾಕಾರ ಹಟ, ನನ್ನ ಉಡಿ

ಪಕ್ಕದ ಮನೆಯ ಕಾಕಾರ ಬಲಗೈ ತೋರುಬೆರಳು ಅರ್ಧವೇ ಇತ್ತು. ಹಳಿಯಾಳದ ಕಡೆ ಹೊಲದಲ್ಲಿ ಕಬ್ಬು ಕಡಿಯುವಾಗ ಹೋದದ್ದು. ಆ ಮೊಂಡು ಬೆರಳನ್ನೇ ಎತ್ತಿ ಪಕ್ಷದ ಸಭೆಗಳಲ್ಲಿ ಮಾತಾಡುತ್ತಿದ್ದರು. ಓಣಿಯ ಹುಡುಗರು ಬೆರಳು ನೋಡಿ ನಗುತ್ತಿದ್ದರು; ಮಾತಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಕಾಗದದ ಮಿಲ್ಲಿನಿಂದ ನಿವೃತ್ತರಾದ ಮೇಲೆ ಅವರು ದಾಂಡೇಲಿಯಲ್ಲಿ ಪಕ್ಷದ ಅಧ್ಯಕ್ಷರು. ಸಂಪ್ರದಾಯ ಉಳಿಸುತ್ತೇವೆ ಎಂದೇ ಓಟು ಕೇಳುವ ಪಕ್ಷ. ನಾನೋ ಶಾಲೆಯ ಟೀಚರು, ಓಣಿಗೆಲ್ಲ 'ಅಕ್ಕಾರು', ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಬಾಯಿ ಜೋರು. ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಅವರು ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿರುತ್ತಿದ್ದರು. ದಿನಾ ಒಂದು ಜಗಳ.

"ಕಾಲ ಬದಲಾಗೇತ್ರಿ ಕಾಕಾ. ನಿಮ್ಮ ಪಾರ್ಟಿನೂ ಬದಲಾಗ್ಬೇಕು."

"ಇವತ್ತ ಒಂದು, ನಾಳಿ ಒಂದು ಅನ್ನಾಕ ಪಾರ್ಟಿ ಯಾಕ ಬೇಕ್ರಿ ಅಕ್ಕಾರ?"

ನಗರಸಭೆ ಚುನಾವಣೆ ಹತ್ತಿರವಿದ್ದ ವರ್ಷ, ಸಂಕ್ರಾಂತಿಗೆ ಪಕ್ಷದ ಮಹಿಳೆಯರು ಅರಿಶಿನ-ಕುಂಕುಮದ ಕಾರ್ಯಕ್ರಮ ಇಟ್ಟುಕೊಂಡರು. ಹಿಂದುಮುಂದು ನೋಡದೆ ನನ್ನ ಹೆಸರನ್ನೇ ಮುಖ್ಯ ಅತಿಥಿ ಎಂದು ಅಚ್ಚು ಹಾಕಿಸಿಬಿಟ್ಟಿದ್ದರು. ಮೊದಲ ಉಡಿ ಮುಖ್ಯ ಅತಿಥಿಗೆ ತುಂಬಬೇಕಲ್ಲ! ತೆಂಗಿನಕಾಯಿ, ಕುಬಸದ ಕಣ, ಅಕ್ಕಿ ಹಿಡಿದು ವೇದಿಕೆಗೆ ಬಂದ ಮೇಲೆ ಅವರಿಗೆ ನೆನಪಾಯಿತು, ನಾನು ಗಂಡ ಸತ್ತವಳೆಂದು. ಗುಸುಗುಸು ಶುರುವಾಯಿತು. ಒಬ್ಬ ಯುವ ಮುಖಂಡ ಹೇಳಿದ, "ತುಂಬಿಬಿಡ್ರಿ, ಫೋಟೋ ಚಲೋ ಬರ್ತೈತಿ. ಇಂಥೋರ ಓಟೂ ಭಾಳ ಅದಾವು."

ಕಾಕಾ ಎದ್ದು ನಿಂತರು. "ಬ್ಯಾಡ. ನಮ್ಮ ಪದ್ಧತಿ ಹಂಗಿಲ್ಲ. ಓಟಿನ ಸಲುವಾಗಿ ಮುರಿಯೂದಿಲ್ಲ."

ನಾನು ಆಗಲೇ ಸೆರಗು ಒಡ್ಡಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ಉಡಿ ಬೇಕಾಗಿತ್ತು. ಹತ್ತು ವರ್ಷದಿಂದ ಯಾರೂ ತುಂಬಿರಲಿಲ್ಲ. ಸೆರಗು ಸುತ್ತಿಕೊಂಡು ಕೆಳಗಿಳಿದು ಬಂದೆ. ಮೂರು ದಿನ ಕಾಕಾರ ಕಟ್ಟೆಯ ಕಡೆ ಮುಖ ಹಾಕಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವರ ಹೆಂಡತಿ, ನಮ್ಮ ಕಾಕು, ತಟ್ಟೆ ಹಿಡಿದು ಬಂದರು. ಹಿಂದೆ ಕಾಕಾ.

"ಮೂರು ದಿನ ನನ್ನ ಜೋಡಿ ನಾನ ಜಗಳ ಆಡೇನಿ ಅಕ್ಕಾರ. ಪದ್ಧತಿ ಬದಲಾಗೂದಿದ್ರ ಮೊದಲ ಮನ್ಯಾಗ, ದೇವರ ಮುಂದ ಬದಲಾಗ್ಬೇಕು. ಮೈಕಿನ ಮುಂದಲ್ಲ."

"ಹಂಗಾದ್ರ ಅವತ್ತ ಹೋದ ನನ್ನ ಮರ್ಯಾದಿ?"

ಕಾಕಾ ತಲೆ ತಗ್ಗಿಸಿದರು. "ಅದು ನನ್ನ ತಪ್ಪು."

"ಸೆರಗ ಒಡ್ಡವಾ ತಂಗಿ," ಅಂದರು ಕಾಕು. ಒಡ್ಡಿದೆ. ಅತ್ತೇಬಿಟ್ಟೆ.

ಸುದ್ದಿ ಪಕ್ಷಕ್ಕೆ ಮುಟ್ಟದೆ ಇರುತ್ತದೆಯೇ? ಸಭೆಯಲ್ಲಿ ಬೇಡವೆಂದು ಮನೆಯಲ್ಲಿ ಮಾಡಿದಿರಲ್ಲ ಎಂದು ಕೇಳಲು ನಾಲ್ಕು ಜನ ಬಂದರು. ಕಾಕಾ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು: "ಹೌದು, ಮಾಡೇನಿ. ನೀವೂ ಮನ್ಯಾಗ ಗಂಡ ಸತ್ತ ತಾಯಿ, ಅತ್ತಿಗಿ ಇದ್ರ ಅವರ ಉಡಿ ತುಂಬಿಸಿ ಬರ್ರಿ. ಆಮ್ಯಾಲ ಸ್ಟೇಜ್ ಮ್ಯಾಲ ನಾನ ಮಾಡಸ್ತೇನಿ." ತುಂಬಿಸಿ ಬಂದವರು ಒಬ್ಬರೂ ಇಲ್ಲ. ಸ್ಟೇಜಿನ ಮೇಲೂ ಆಗಲಿಲ್ಲ.

ಕಾಕಾ ಹೇಳಿದ್ದು ಪೂರ್ತಿ ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಊರೆದುರು ಆದ ಅವಮಾನ ಅಡುಗೆಮನೆಯಲ್ಲಿ ತೊಳೆದರೆ ಹೋಗುವುದಿಲ್ಲ. ಪಕ್ಷದ ಮಾತು ಪಕ್ಷದ ವೇದಿಕೆಯಲ್ಲೇ ಬದಲಾಗಬೇಕು. ಆದರೆ ಓಟಿಗಾಗಿ ಸಂಪ್ರದಾಯ ಹಿಡಿಯುವವರನ್ನೂ ಓಟಿಗಾಗಿಯೇ ಬಿಡುವವರನ್ನೂ ಗುರುತಿಸಲು ಕಲಿಸಿದವರು ಅವರೇ.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮೈಮೇಲೆ ಪಕ್ಷದ ಬಾವುಟ, ಸುತ್ತ ಪಕ್ಷದವರು. ವಯಸ್ಸಾದ ಹೆಂಗಸರು ಕಾಕುವಿನ ಬಳೆ ಒಡೆಯಲು, ಕುಂಕುಮ ಅಳಿಸಲು ಬಂದರು. ಕಾಕು ಕೈ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ್ರಿ. ಅವರು ಹೇಳಿ ಹೋಗ್ಯಾರ."

"ನಮ್ಮ ಪದ್ಧತಿ..." ಎಂದು ಯಾರೋ ಬಾಯಿ ತೆಗೆದರು. ನಾನು ಹೋಗಿ ಪಕ್ಕದಲ್ಲಿ ಕೂತು ಬಳೆ ಸಮೇತ ಕಾಕುವಿನ ಕೈಯನ್ನು ಹಿಡಿದುಕೊಂಡೆ. ಪಕ್ಷದವರೆಲ್ಲ ನೋಡುತ್ತಿದ್ದರು. ನೋಡಲಿ ಎಂದೇ ನಾನು ಬಿಡಲಿಲ್ಲ.