ಜರಡಿ ಅಂತ ಕೂಗಿದ ಮೌಲಾ ಸಾಬ್ರು

ಹರಿಹರದ ಗಾದಿ ಮೌಲಾ ಸಾಬ್ರ ದನಿಯ ಬಗ್ಗೆ ಓಣಿಯಲ್ಲಿ ಎರಡು ಮಾತಿಲ್ಲ. ರಂಜಾನ್ ತಿಂಗಳಲ್ಲಿ ನಸುಕಿನ ಸಹರಿ ಊಟಕ್ಕೆ ಮಂದಿಯನ್ನು ಎಬ್ಬಿಸುವ ಕೆಲಸ ಅವರದು. ಬೇರೆ ಓಣಿಗಳಲ್ಲಿ ಡಬ್ಬ ಬಡಿಯುತ್ತಾರೆ, ಮೈಕು ಹಚ್ಚುತ್ತಾರೆ. ಇವರ ಓಣಿಗೆ ಅದೇನೂ ಬೇಕಿಲ್ಲ. ಇವರು ಒಮ್ಮೆ "ಏಳ್ರೀ" ಅಂದರೆ ರೋಜಾ ಉಪವಾಸ ಹಿಡಿದವರಷ್ಟೇ ಅಲ್ಲ, ರೋಜಾಕ್ಕೂ ತನಗೂ ಏನೂ ಸಂಬಂಧವಿಲ್ಲದ ಹಿಂದಿನ ಓಣಿಯ ಮೈಲಮ್ಮನೂ ಎದ್ದು ಕೂತು ಬೈಯುತ್ತಾಳೆ. ಗಂಟಲೊಂದು ಬಿಟ್ಟರೆ ಮನುಷ್ಯ ಬಲು ಮೆತ್ತಗೆ. ಹಗಲೆಲ್ಲ ಅಂಗಡಿಯಲ್ಲಿ ಹತ್ತಿ ಹಿಂಜಿ, ಗಾದಿ ಹೊಲಿದು, ಸಂಜೆಗೆ ಮೀಸೆ ಹುಬ್ಬಿಗೆಲ್ಲ ಹತ್ತಿ ಅಂಟಿಸಿಕೊಂಡು ಮನೆಗೆ ಬರುತ್ತಾರೆ. ಎಲ್ಲಾದರೂ ಜಗಳ ಶುರುವಾದರೆ ಹಿಂದಿನ ಬಾಗಿಲು ಹುಡುಕುವ ಜಾತಿ.

ಇಂಥವರಿಗೆ ನೌಮಾನ್ ಅಂತ ಒಬ್ಬನೇ ಮಗ. ಅಪ್ಪನ ಹೆಗಲಿಗೂ ಬಾರದ ಹುಡುಗ ನೋಡನೋಡುತ್ತ ಬಾಗಿಲಿಗೆ ತಲೆ ಬಡಿಸಿಕೊಳ್ಳುವಷ್ಟು ಉದ್ದವಾದ. ಉದ್ದ ಇದ್ದವನನ್ನು ಪಿಯು ಕಾಲೇಜಿನವರು ಬಿಡುತ್ತಾರೆಯೇ? ಹಿಡಿದು ಬಾಸ್ಕೆಟ್‌ಬಾಲ್ ಟೀಮಿಗೆ ಹಾಕಿದರು. ಮೊದಲ ಮ್ಯಾಚಿಗೆ ಮೌಲಾ ಸಾಬ್ರು ಅಂಗಡಿ ಮುಚ್ಚಿ ಹೋಗಿ, ಗೆರೆಯ ಪಕ್ಕದಲ್ಲೇ ನಿಂತು, ಮಗ ಚೆಂಡು ಮುಟ್ಟಿದಾಗಲೆಲ್ಲ "ಶಹಬ್ಬಾಸ್ ನನ್ನ ಮಗನೇ!" ಎಂದು ಕೂಗಿದರು. ಹುಡುಗನ ಕೈ ನಡುಗಿದವು. ಹಿಡಿದ ಚೆಂಡೆಲ್ಲ ಜಾರಿತು. ಮನೆಗೆ ಬಂದವನು ಅನ್ನ ಕಲಸುತ್ತ ತಲೆ ತಗ್ಗಿಸಿಯೇ ಹೇಳಿದ: "ನೀ ಇನ್ಮ್ಯಾಲೆ ನೋಡಾಕ ಬರಬ್ಯಾಡ ಅಬ್ಬಾ. ನೀ ಬಂದ್ರ ನನ್ನ ಕೈ ನಡುಗ್ತಾವೆ. ತಪ್ಪಾದ್ರ ನಿನ್ನ ಮುಖ ನೋಡಬೇಕಲ್ಲ, ಅದಕ್ಕ."

"ಆತು ಬಿಡಪ್ಪ, ಬರಂಗಿಲ್ಲ" ಅಂದರು ಮೌಲಾ ಸಾಬ್ರು. ಮಾತು ಕೊಡುವುದು ಸುಲಭ. ಮಗ ದಾವಣಗೆರೆಯಲ್ಲಿ ಡಿಗ್ರಿ ಸೇರಿ, ವಿದ್ಯಾನಗರದ ಹಾಸ್ಟೆಲ್ಲಿನಲ್ಲಿ ಉಳಿದು, ಎರಡನೇ ವರ್ಷಕ್ಕೆ ಕಾಲೇಜ್ ಟೀಮಿಗೆ ಆಯ್ಕೆಯಾದ ಸುದ್ದಿ ಬಂದದ್ದೇ ತಡ, ಕಾಲು ತಾವಾಗಿಯೇ ಬಸ್ ಸ್ಟ್ಯಾಂಡಿನ ಕಡೆ ತಿರುಗಿದವು. ಹೆಂಡತಿ ಅಮೀನಾಬೀಗೆ "ದಾವಣಗೆರಿಗೆ ಹತ್ತಿ ನೋಡ್ಕೊಂಡು ಬರ್ತೀನಿ" ಅಂದರು. ನವೆಂಬರಿನ ಚಳಿ ನೆಪವಾಗಿ ಸಿಕ್ಕಿತು. ಮಂಕಿ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಸಿಮೆಂಟ್ ಮೆಟ್ಟಿಲುಗಳ ತುತ್ತತುದಿಗೆ ಹೋಗಿ ಮುದುಡಿ ಕೂತರು.

ಆ ಮೆಟ್ಟಿಲಿಗೆ ಅದರದೇ ಕಾನೂನು ಇತ್ತು. ಸಂಜೆಯಾದರೆ ಅಲ್ಲಿ ಸೇರುವ ಮಂದಿಗೆ ಎಂ.ಸಿ.ಸಿ. ಬಡಾವಣೆಯ ಪಂಚಾಕ್ಷರಪ್ಪನವರು ಯಜಮಾನರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಯಾರೂ ಅವರ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಇಲ್ಲಿ ಬಂದು ಕೇಳಿಸುತ್ತಿದ್ದರು. ಅವರ ಎಡಕ್ಕೆ ಮೊಬೈಲ್ ಅಂಗಡಿಯ ಅಂಜನಕುಮಾರ. ಯಾರು ಏನೇ ಅಂದರೂ "ಅದು ಹಂಗಲ್ರೀ" ಅನ್ನುವುದೇ ಅವನ ಕಸುಬು. ಆಟಗಾರರ ಮನೆಯವರಿಗೆ ಮೆಟ್ಟಿಲ ಮೇಲೆ ಜಾಗವಿಲ್ಲ. ಅವರಿಗೆ ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಹೆತ್ತವರ ಎದುರು ಮಕ್ಕಳನ್ನು ಬಾಯ್ತುಂಬ ಬೈಯಲು ಆಗುವುದಿಲ್ಲವಲ್ಲ! ಮೆಟ್ಟಿಲೇರಿದವನು ಮಾತ್ರ ಎಲ್ಲರೊಂದಿಗೆ ಕೂಗಲೇಬೇಕು. ಬಾಯಿ ಮುಚ್ಚಿ ಕೂತವನು ಒಂದೋ ಯಾರದೋ ಸಂಬಂಧಿ, ಇಲ್ಲವೇ ಎದುರು ಕಾಲೇಜಿನವನು.

ನೌಮಾನನಿಗೆ ಅವರು ಮೊದಲ ದಿನವೇ ಹೆಸರಿಟ್ಟರು. ಬಂದ ಪಾಸೆಲ್ಲ ಕೈಯಿಂದ ಸೋರಿ ಹೋಗುತ್ತಿತ್ತು. ರಿಂಗಿಗೆ ಬಡಿದು ಮರಳಿದ ಚೆಂಡು ತಲೆಯ ಮೇಲೇ ಬಂದರೂ ಬೆರಳ ಸಂದಿಯಿಂದ ನುಣುಚುತ್ತಿತ್ತು. "ಇವನೇನು ಆಟಗಾರನೋ ಜರಡಿಯೋ!" ಅಂದ ಅಂಜನಕುಮಾರ. ಮುಗಿಯಿತು. ಇಡೀ ಮೆಟ್ಟಿಲು "ಜರಡಿ! ಏ ಜರಡಿ!" ಅಂತ ಶುರುವಾಯಿತು. ಮೌಲಾ ಸಾಬ್ರು ಟೋಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡರು. ಎದ್ದು ಹೋಗೋಣವೆಂದರೆ ಮಗನನ್ನು ನೋಡಿ ಕಣ್ಣು ತುಂಬಿರಲಿಲ್ಲ.

ಪಂಚಾಕ್ಷರಪ್ಪ ಹಿಂದಿರುಗಿ ನೋಡಿದರು. "ಏನ್ ಸಾಬ್ರ, ಬಾಯಾಗ ಕಡುಬು ಇಟ್ಕೊಂಡೀರೇನು? ಹುಡುಗರ ಕಡೆಯೋರಾದ್ರ ಕೆಳಗ ಕುರ್ಚಿ ಐತೆ, ಅಲ್ಲಿ ಕೂಡ್ರಿ."

ಕೆಳಗಿನ ಕುರ್ಚಿ ಅಂದರೆ ಮಗನ ಕಣ್ಣೆದುರು. ಕೊಟ್ಟ ಮಾತು ಮುರಿದದ್ದು ಬಯಲು. ಮೌಲಾ ಸಾಬ್ರು ಗಾಬರಿಬಿದ್ದರು. "ಇಲ್ಲ ಇಲ್ಲ, ನನ್ನೋರು ಯಾರೂ ಇಲ್ರಿ ಇಲ್ಲಿ. ಆಟದ ಹುಚ್ಚು ಅಷ್ಟೇ" ಅಂದು, ಅದನ್ನು ರುಜುವಾತು ಮಾಡಲೋ ಎಂಬಂತೆ ಎದೆ ತುಂಬ ಉಸಿರೆಳೆದು ಕೂಗಿಯೇಬಿಟ್ಟರು: "ಏ ಜರಡೀ!"

ಕೋರ್ಟಿನಲ್ಲಿ ನೌಮಾನ್ ಗಕ್ಕನೆ ನಿಂತ. ಮೆಟ್ಟಿಲ ಕಡೆ ತಿರುಗಲಿಲ್ಲ, ಸುಮ್ಮನೆ ನಿಂತ. ಆಮೇಲೆ ಓಡಿದ. ಇತ್ತ ಪಂಚಾಕ್ಷರಪ್ಪನವರಿಗೆ ಸಂತೋಷವೋ ಸಂತೋಷ. "ಎಂಥಾ ಗಂಟಲು ಮಾರಾಯ್ರ! ಇಷ್ಟು ದಿನ ಎಲ್ಲಿದ್ರಿ?" ಎಂದು ಮೌಲಾ ಸಾಬ್ರನ್ನು ತಮ್ಮ ಪಕ್ಕಕ್ಕೇ ಕರೆದು ಕೂರಿಸಿಕೊಂಡು, ಮಿರ್ಚಿ ಮಂಡಕ್ಕಿಯ ಪೊಟ್ಟಣ ಮುಂದೆ ಹಿಡಿದರು. ಮೌಲಾ ಸಾಬ್ರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು.

ಹೀಗೆ ವಾರಗಳು ಕಳೆದವು. ಹತ್ತಿ ನೋಡಲು ಹೋದ ಗಂಡ ಪ್ರತಿ ಸಲ ಬರಿಗೈಯಲ್ಲಿ ಬರುವುದನ್ನು ಕಂಡು ಅಮೀನಾಬೀ, "ದಾವಣಗೆರ್ಯಾಗ ಹತ್ತಿ ಬೆಳೆಯೋದು ನಿಂತ್ಹೋತೇನ್ರೀ?" ಅಂತ ಕೆಣಕಿದರು. ಮೌಲಾ ಸಾಬ್ರು ನಕ್ಕು ಅಂಗಡಿಗೆ ಹೊರಟರು. ಮ್ಯಾಚಿದ್ದಾಗಲೆಲ್ಲ ಮೆಟ್ಟಿಲೇರಿ, ಎಲ್ಲರಿಗಿಂತ ಜೋರಾಗಿ ಮಗನನ್ನು ಹೀಯಾಳಿಸಿ, ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು ಬರುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ಹೆತ್ತವರೇ ನಿಂತು ಹೆಗ್ಗಣ ಅಂತ ಕೂಗುತ್ತಿದ್ದರು.

ಆದರೆ ಸಂಕ್ರಾಂತಿಯ ಹೊತ್ತಿಗೆ ಏನೋ ಬದಲಾಯಿತು. ನೌಮಾನನ ಕೈಗೆ ಬಂದ ಚೆಂಡು ಕೈಯಲ್ಲೇ ಉಳಿಯತೊಡಗಿತು. ರಿಂಗಿನ ಕೆಳಗೆ ಮೂವರ ನಡುವೆ ನೆಗೆದು ಚೆಂಡನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡರೆ ಯಾರಿಂದಲೂ ಬಿಡಿಸಲು ಆಗುತ್ತಿರಲಿಲ್ಲ. ಮುಖದ ಮೇಲೆ ಹೆದರಿಕೆ ಇರಲಿಲ್ಲ. ನಗುವೂ ಇರಲಿಲ್ಲ. ಶಿವಮೊಗ್ಗದ ಟೀಮನ್ನು ಅವನೊಬ್ಬನೇ ಮಣಿಸಿದ ದಿನ ಮೆಟ್ಟಿಲ ಮಂದಿ ಮನೆಗೆ ಹೋಗದೆ ಚಹಾದ ಗಾಡಿಯ ಮುಂದೆ ನಿಂತು ವಾದಕ್ಕಿಳಿದರು.

"ನಾ ಮೊದಲೇ ಹೇಳಿದ್ದೆ, ಈ ಹುಡುಗನಾಗ ಏನೋ ಐತೆ ಅಂತ" ಅಂದರು ಪಂಚಾಕ್ಷರಪ್ಪ. ಅವರು ಹಾಗೆ ಹೇಳಿದ್ದನ್ನು ದೇವರೂ ಕೇಳಿರಲಿಲ್ಲ.

"ಅದು ಹಂಗಲ್ರೀ" ಅಂದ ಅಂಜನಕುಮಾರ. "ಈ ಸಲ ಬಂದ ಟೀಮೆಲ್ಲ ಸಪ್ಪೆ. ಹಾಳೂರಿಗೆ ಉಳಿದವನೇ ಗೌಡ."

"ಕೋಚ್ ತಿದ್ದ್ಯಾರ ಅವನ್ನ. ನಿಲ್ಲೋ ರೀತಿನೇ ಬ್ಯಾರೆ ಆಗೈತೆ. ಇಲ್ಲಾಂದ್ರ ಮೊನ್ನಿ ಜರಡಿ ಇವತ್ತು ಕೊಡಪಾನ ಹೆಂಗಾತು?" ಅಂದ ಮತ್ತೊಬ್ಬ.

ಮೌಲಾ ಸಾಬ್ರು ಚಹಾದ ಲೋಟ ಹಿಡಿದು ಒಂದು ಮಾತೂ ಬಿಡದೆ ಕೇಳಿದರು. ಖುಷಿಗೆ ಅವರ ಮೀಸೆ ಕುಣಿಯುತ್ತಿತ್ತು. 'ಅವನು ನನ್ನ ಮಗ ಕಣ್ರೀ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ನುಂಗಿದರು. ಇರಲಿ, ಫೈನಲ್ ಗೆಲ್ಲಲಿ, ಅವತ್ತು ಟೋಪಿ ತೆಗೆದು ಎಲ್ಲರೆದುರು ಅವನನ್ನು ಅಪ್ಪಿಕೊಳ್ಳುತ್ತೇನೆ, ಅವನೂ ನಕ್ಕು ಕ್ಷಮಿಸುತ್ತಾನೆ ಅಂತ ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡರು. ಆ ದಿನ ನಿಜವಾಗಿಯೂ ಒಂದು ಚೀಲ ಹತ್ತಿ ತಂದರು.

ಅವರ ಲೆಕ್ಕ ತಪ್ಪಿದ್ದು ಸೆಮಿಫೈನಲ್ಲಿನ ದಿನ. ಟೀಮು ಗೆದ್ದಿತು. ಮೆಟ್ಟಿಲ ಮಂದಿ ದಡದಡ ಇಳಿದು ನೌಮಾನನನ್ನು ಮುತ್ತಿಕೊಂಡರು. ಗೆದ್ದೆತ್ತಿನ ಬಾಲ ಹಿಡಿಯಲು ಯಾರಿಗೆ ಬೇಡ? ಅಂಜನಕುಮಾರನಂತೂ ಸೆಲ್ಫಿಗೆ ಎಲ್ಲರಿಗಿಂತ ಮುಂದೆ. ಗೇಟಿನ ಕಡೆ ಜಾರುತ್ತಿದ್ದ ಮೌಲಾ ಸಾಬ್ರನ್ನು ಪಂಚಾಕ್ಷರಪ್ಪ ರಟ್ಟೆ ಹಿಡಿದು ಎಳೆತಂದರು.

"ನೋಡಪ್ಪ ನೌಮಾನ್, ಇವ್ರು ಹರಿಹರದ ಸಾಬ್ರು. ಇಷ್ಟು ದಿನ ನಿನ್ನ ಎಲ್ಲರಿಗಿಂತ ಜೋರಾಗಿ ಬೈದೋರು ಇವ್ರೇ! ಇವತ್ತು ಕೈ ಕೊಡು ಇವ್ರಿಗೆ, ನೀನೇ ಗೆದ್ದಿ."

ಎಲ್ಲರೂ ಗೊಳ್ಳೆಂದು ನಕ್ಕರು. ನೌಮಾನ್ ಅಪ್ಪನ ಮುಖ ನೋಡಿದ. ಆಶ್ಚರ್ಯದ ಒಂದು ಗೆರೆಯೂ ಅವನ ಮುಖದಲ್ಲಿ ಮೂಡಲಿಲ್ಲ. ಬೆವರಿದ ಕೈ ಮುಂದೆ ಚಾಚಿ, "ಗೊತ್ತು ಸರ್. ಮೊದಲ್ನೇ ದಿನದಿಂದ ಗೊತ್ತು" ಅಂದ. ಆಮೇಲೆ ಅಪ್ಪನಿಗೆ, "ಬಂದಿದ್ದಕ್ಕ ಥ್ಯಾಂಕ್ಸ್ ರೀ" ಅಂದ.

ಹುಟ್ಟಿದಾಗಿನಿಂದ 'ನೀನು' ಅಂದ ಬಾಯಿ ಅದು. ಆ ಒಂದು 'ರೀ' ಮೌಲಾ ಸಾಬ್ರನ್ನು ಯಾರೋ ದಾರಿಹೋಕನನ್ನಾಗಿ ಮಾಡಿ ಆಚೆ ನಿಲ್ಲಿಸಿತು. ಹಿಡಿದಿದ್ದ ಮಗನ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ನಡುಗಿದ್ದು ಅವರದು.

ಜನ ಕರಗಿದ ಮೇಲೆ ಹಾಸ್ಟೆಲ್ಲಿನ ದಾರಿಯಲ್ಲಿ ಕಾದು ನಿಂತರು. ಮಗ ಹೆಗಲಿಗೆ ಬ್ಯಾಗು ಹಾಕಿ ಬಂದ. ಮೌಲಾ ಸಾಬ್ರು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ, "ನಿಂಗ ಗುರುತು ಸಿಗಬಾರ್ದು ಅಂತ ಕೂಗಿದೆ ಮಗನೇ. ಸುಮ್ನಿದ್ರ ಕೆಳಗ ಕೂಡ್ರಿ ಅಂತಿದ್ರು. ಅಲ್ಲಾನ ಆಣಿ, ಮನಸ್ಸಿನಿಂದ ಒಂದ್ ಸಲನೂ ಅಂದಿಲ್ಲ" ಅಂದರು.

"ಸಿಟ್ಟಿಲ್ಲ ಬಿಡು ಅಬ್ಬಾ" ಅಂದ ನೌಮಾನ್, ನೆಲ ನೋಡುತ್ತ. "ಇಡೀ ಓಣಿ ಎಬ್ಬಿಸೋ ದನಿ, ನಂಗ ತಿಳಿಯಂಗಿಲ್ಲೇನು? ಮೊದಲ್ನೇ ದಿನ ರೂಮಿಗೆ ಹೋಗಿ ಅತ್ತೆ. ಆಮ್ಯಾಲೆ ಸಂಕ್ರಾಂತಿ ಹೊತ್ತಿಗೆ ಒಂದು ಮಾತು ಗಟ್ಟಿ ಮಾಡ್ಕೊಂಡೆ. ಅಲ್ಲಿ ಕೂತೋರೊಳಗ ನನ್ನೋರು ಯಾರೂ ಇಲ್ಲ ಅಂತ. ಅವತ್ತಿಂದ ಕೈ ನಡುಗೋದು ನಿಂತ್ಹೋತು."

ಮೌಲಾ ಸಾಬ್ರಿಗೆ ಚಹಾದ ಗಾಡಿಯ ವಾದವೆಲ್ಲ ನೆನಪಾಯಿತು. ಕೋಚು ತಿದ್ದಿದ್ದಲ್ಲ, ಎದುರಿನ ಟೀಮು ಸಪ್ಪೆಯೂ ಅಲ್ಲ. ಆ ಎಲ್ಲ ಪಂಡಿತರು ತಲೆ ಕೆಡಿಸಿಕೊಂಡ ಪ್ರಶ್ನೆಗೆ ಉತ್ತರ ಅವರೇ ಆಗಿದ್ದರು. ಮಗ ಬೆಳೆದದ್ದು ಅಪ್ಪನನ್ನು ಎದೆಯಿಂದ ಇಳಿಸಿಟ್ಟು. ಮೌಲಾ ಸಾಬ್ರಿಗೆ ಅಲ್ಲೇ ರಸ್ತೆಯ ಬದಿಗೆ ಕೂತು ಅಳಬೇಕೆನಿಸಿತು.

"ಫೈನಲ್ಲಿಗೆ ಬರಲೇನಪ್ಪ?" ಅಂತ ಕೇಳಿದರು. "ಈ ಸಲ ಹೆಸರು ಹಿಡಿದು ಕೂಗ್ತೀನಿ. ಇಲ್ಲಾಂದ್ರ ಬರಂಗಿಲ್ಲ. ನೀ ಹೆಂಗ ಅಂತೀಯೋ ಹಂಗ."

ನೌಮಾನ್ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. "ಬಾ ಅಬ್ಬಾ. ಬರದಿದ್ರ ಯಾಕ ಬರಲಿಲ್ಲ ಅಂತ ಅದೇ ಮನಸ್ಸಿನಾಗ ಕೂರ್ತೈತೆ. ಆದ್ರ ಹೆಸರು ಹಿಡೀಬ್ಯಾಡ, ಮತ್ತ ನಡುಗಾಕ ಶುರುವಾಗ್ತಾವೆ. ಇಷ್ಟು ದಿನ ಹೆಂಗ ಕೂಗಿದೀಯೋ ಹಂಗೇ ಕೂಗು." ಅಂದು, ಅಪ್ಪನ ಹುಬ್ಬಿಗೆ ಅಂಟಿದ್ದ ಹತ್ತಿಯ ಎಳೆಯನ್ನು ಬೆರಳಿನಿಂದ ತೆಗೆದು, ಹಾಸ್ಟೆಲ್ಲಿನ ಕಡೆ ಹೊರಟುಹೋದ.

ಫೈನಲ್ಲಿನ ದಿನ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪಂಚಾಕ್ಷರಪ್ಪ ಎಲ್ಲರಿಗೂ ಮೊದಲೇ ಆಜ್ಞೆ ಮಾಡಿದ್ದರು: ಹಳೇ ಹೆಸರು ಇವತ್ತಿಗೆ ರದ್ದು, ಹುಡುಗನ ವಿಷಯದಲ್ಲಿ ನಾವು ತಪ್ಪಿದ್ವಿ, ತಪ್ಪು ಒಪ್ಪಿಕೊಂಡು ಹೆಸರಿನಿಂದಲೇ ಕೂಗಬೇಕು. ಅಂಜನಕುಮಾರನೂ ಈ ಸಲ 'ಅದು ಹಂಗಲ್ರೀ' ಅನ್ನಲಿಲ್ಲ. ಆಟ ಶುರುವಾಗುತ್ತಲೇ ಇಡೀ ಮೆಟ್ಟಿಲು ಒಂದೇ ದನಿಯಲ್ಲಿ "ನೌಮಾನ್! ನೌಮಾನ್!" ಎಂದು ಗುಡುಗಿತು. ತಾವು ಕೂಸಿನ ಕಿವಿಯಲ್ಲಿ ಅಜಾನ್ ಹೇಳಿ ಇಟ್ಟ ಹೆಸರು ಊರವರೆಲ್ಲರ ಬಾಯಲ್ಲಿ! ಮೌಲಾ ಸಾಬ್ರ ಗಂಟಲು ಅದನ್ನೇ ಕೂಗಲು ಹಾತೊರೆಯಿತು. ಹಲ್ಲು ಕಚ್ಚಿ ತಡೆದರು.

ಕೆಳಗೆ ನೌಮಾನನ ಕೈಯಿಂದ ಮೊದಲ ಪಾಸ್ ಜಾರಿತು. ಎರಡನೆಯದೂ ಜಾರಿತು. ಅವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಮೆಟ್ಟಿಲ ಕಡೆ ಕಣ್ಣು ಹಾಯಿಸುವುದು ಮೌಲಾ ಸಾಬ್ರಿಗೆ ಕಂಡಿತು. ಏನನ್ನು ಹುಡುಕುತ್ತಿದ್ದಾನೆಂದು ಅವರಿಗೆ ಗೊತ್ತಿತ್ತು. ಎದ್ದು ನಿಂತು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, "ಏ ಜರಡೀ!" ಎಂದು ಕೂಗಿದರು.

ಪಂಚಾಕ್ಷರಪ್ಪ ಕೆಂಡಾಮಂಡಲವಾಗಿ ಅವರ ಕಡೆ ತಿರುಗಿದರು. "ನಾಚಿಕೆ ಆಗಂಗಿಲ್ಲೇನ್ರೀ ನಿಮಗ? ಊರೆಲ್ಲ ತಿದ್ಕೊಂಡ್ರೂ ನೀವು ತಿದ್ಕೊಳ್ಳಲಿಲ್ಲ. ಯಾರೋ ಹೆತ್ತ ಮಗ ಅದು. ನಿಮಗೂ ಒಬ್ಬ ಮಗ ಇದ್ದಿದ್ರ ಗೊತ್ತಾಗ್ತಿತ್ತು, ಹೊಟ್ಟಿ ಹೆಂಗ ಉರೀತೈತೆ ಅಂತ."

ಕೋರ್ಟಿನಲ್ಲಿ ನೌಮಾನ್ ಮೇಲಕ್ಕೆ ನೆಗೆದು ಚೆಂಡನ್ನು ಎದೆಗೆ ಅವುಚಿಕೊಂಡಿದ್ದ. ಮೌಲಾ ಸಾಬ್ರು ತೋಳಿನಿಂದ ಕಣ್ಣೊರೆಸಿಕೊಂಡು, ಮತ್ತೊಮ್ಮೆ ಅದನ್ನೇ ಕೂಗಿದರು.