ಹತ್ತು ಒಲೆಯ ಅವಿಭಕ್ತ ಕುಟುಂಬ

ಎಂ.ಎ. ಓದುವಾಗ ನಾವು ಮೂವರು ಬೇಗೂರಿನ ಒಂದು ವಠಾರಕ್ಕೆ ಗಂಟುಬಿದ್ದಿದ್ದೆವು. ನನ್ನದು ಸಮಾಜಶಾಸ್ತ್ರ, ಗೆಳೆಯನದು ಅರ್ಥಶಾಸ್ತ್ರ, ಗೆಳತಿಯದು ಮನಶ್ಶಾಸ್ತ್ರ. ತಲಾ ಒಂದು ವರದಿ ಬರೆಯಬೇಕು. ಅದು ಕೆಟ್ಟರೆ ಇನ್ನೊಂದು ವರ್ಷ ಅದೇ ಬೆಂಚು.

ವಠಾರದ ಯಜಮಾನಿ ಅಜ್ಜಿ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹತ್ತು ಮನೆ ಕಟ್ಟಿಸಿದವರು. ನಮ್ಮ ಕೈಯಲ್ಲಿ ಫಾರಂ ಕಂಡದ್ದೇ, "ಎಲ್ಲಾ ನಮ್ಮೋರೇ ಕಣಮ್ಮ. ಇವ್ನು ಮೈದ, ಅವ್ಳು ಸೊಸೆ, ಆ ಕಡೆಯೋರು ನಮ್ಮಕ್ಕನ ಮಕ್ಳು" ಎಂದರು. ಬಾಗಿಲುಗಳಲ್ಲಿ ನಿಂತವರೆಲ್ಲ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿದರು.

ಆ 'ರಿ' ಕೇಳಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಎಲ್ಲಿ! ಊರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಪಕ್ಕದಲ್ಲೇ ಮೂವತ್ತೊಂದು ಜನರ ಅವಿಭಕ್ತ ಕುಟುಂಬ ಸಿಕ್ಕಿತೆಂದು ಕುಣಿದುಬಿಟ್ಟೆ. ದೊಡ್ಡ ಹಾಳೆಯ ಮೇಲೆ ವಂಶವೃಕ್ಷ ಬರೆದೆ. ಅಜ್ಜಿಯ ಮಾತು ಬೇಗೂರಿನದು, ಉಳಿದವರದು ರಾಯಚೂರಿನದು ಯಾಕೆ? "ದೂರದ ಮದುವೆ ಸಂಬಂಧಗಳ ಪ್ರಭಾವ" ಎಂದು ಬರೆದೆ. ಒಂದೇ ಕುಟುಂಬಕ್ಕೆ ಹತ್ತು ಒಲೆ ಯಾಕೆ? "ಆದಾಯ ಹೆಚ್ಚಿದ ಲಕ್ಷಣ" ಎಂದ ಗೆಳೆಯ. ಅತ್ತೆ ಸೊಸೆ ಜಗಳವೇ ಇಲ್ಲವಲ್ಲ ಎಂದು ಬೆರಗಾದ ಗೆಳತಿ ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಳು. ಶಾಸ್ತ್ರ ಕೈಯಲ್ಲಿದ್ದರೆ ಕಣ್ಣು ಯಾರಿಗೆ ಬೇಕು?

ವರದಿ ಒಪ್ಪಿಸುವ ಹಿಂದಿನ ದಿನ ಹೋದರೆ 'ಮೈದ'ನ ಬಾಗಿಲಲ್ಲಿ ಬೋರ್ಡು: ಮನೆ ಬಾಡಿಗೆಗೆ ಇದೆ. ನೇರ ಅಜ್ಜಿಯ ಬಳಿಗೆ ಓಡಿದೆ.

"ಅಜ್ಜಿ, ಇವರೆಲ್ಲ ಬಾಡಿಗೆಯವರಾ? ಸುಳ್ಳು ಯಾಕ್ ಹೇಳಿದ್ರಿ?"

"ಕಾಗ್ದ ಇಡ್ಕಂಡ್ ಬಂದೋರ್ಗೆಲ್ಲ ನಿಜ ಯೋಳಕ್ಕಾಯ್ತದಾ? ಬಾಡ್ಗೆ ಮನೆ ಅಂತ ಕಂದಾಯ ಜಾಸ್ತಿ ಮಾಡುದ್ರೆ ನೀನ್ ಕಟ್ಟೀಯಾ?"

ಅಳು, ಸಿಟ್ಟು ಎರಡೂ ಬಂದವು. ಅಲ್ಲೇ ಜಗಲಿಯ ಮೇಲೆ ಹಾಳೆ ಬಿಡಿಸಿ, ಒಂದೊಂದೇ ನಂಟನ್ನು ರಬ್ಬರಿನಿಂದ ಉಜ್ಜತೊಡಗಿದೆ. ಕೊನೆಗೆ ಉಳಿದವಳು ಆ 'ಸೊಸೆ', ಗಾರ್ಮೆಂಟ್ಸಿಗೆ ಹೋಗುತ್ತಿದ್ದ ರಾಯಚೂರಿನ ಹುಡುಗಿ. ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು. ಅಜ್ಜಿ ಕಾಲು ಚಾಚಿ ಕೂತು, ಅವಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕತೊಡಗಿದರು.

"ಇವರು ನಿಮ್ಮ ಅತ್ತೆ ಅಲ್ಲ ತಾನೇ?" ಎಂದು ಅವಳನ್ನು ಸಿಡುಕಿನಿಂದಲೇ ಕೇಳಿದೆ.

"ಅಲ್ರಿ."

ರಬ್ಬರು ಎತ್ತಿದೆ. ಅವಳು ಬಗ್ಗಿ ಹಾಳೆ ನೋಡಿದಳು.

"ಅತ್ತಿ ಅಂತ ಬರ್ದಿದ್ದು ತಪ್ಪೈತ್ರಿ ಮೇಡಂ. ಬಾಣಂತನ ಅತ್ತಿ ಮಾಡ್ತಾಳೇನ್ರಿ? ಅವ್ವ ಅಂತ ಬರೀರಿ."

ಬರೆದೆ. ಮರುದಿನ ವರದಿಯ ಜೊತೆ ಆ ಹಾಳೆಯನ್ನೇ ಒಪ್ಪಿಸಿ ಫೇಲಾದೆ. ನಮ್ಮ ಮೇಷ್ಟ್ರು ವರದಿಯ ತುಂಬ ಕೆಂಪು ಶಾಯಿ ಹರಿಸಿದ್ದರು. 'ಅವ್ವ' ಎಂದಿದ್ದ ಕಡೆ ಮಾತ್ರ ಪೆನ್ನು ತಾಗಿಸಿರಲಿಲ್ಲ.