ಒಡೆಯುವ ಗೋಡೆಗೆ ನೀರು

ಅವರಿಗೆ 'ನಾಳೆ ಮೇಸ್ತ್ರಿ' ಎಂದೇ ಹೆಸರು. ಸೋಮಾರಿಯೆಂದಲ್ಲ, ಬೆಳಿಗ್ಗೆ ಏಳಕ್ಕೆ ತೂಗುಗುಂಡು ಹಿಡಿದು ನಿಂತರೆ ಸಂಜೆಯವರೆಗೂ ಕೂರುವವರಲ್ಲ. ಕಟ್ಟಿದ ಮೇಲೆ ಬದಲಾವಣೆ ಕೇಳುವ ಮನೆಯವರಿಗೆ ಅವರ ಉತ್ತರ ಒಂದೇ: "ನಾಳೆ ಹೇಳಿ." ಮರುದಿನವೂ ಅದೇ ಮಾತು ಬಂದರೆ ಮಾತ್ರ ಸುತ್ತಿಗೆಗೆ ಕೈ ಹಾಕುತ್ತಾರೆ. ಕಿಟಕಿ ಸರಿಸಿ ಎಂದವರು, ಬಚ್ಚಲ ಬಾಗಿಲು ತಿರುಗಿಸಿ ಎಂದವರು, ಹತ್ತರಲ್ಲಿ ಏಳು ಮಂದಿ ಮಲಗಿ ಎದ್ದು ಮರೆತಿರುತ್ತಾರೆ. ಉಳಿದವರಿಗಾಗಿ ಬೇಸರವಿಲ್ಲದೆ ಒಡೆದಿದ್ದಾರೆ. "ವಾಸ ಮಾಡೋರು ಅವರು, ನಾನಲ್ಲವಲ್ಲ."

ಹೋದ ವರ್ಷ ಒಬ್ಬ ಬಸ್ ಡ್ರೈವರಿನ ಮನೆ ಕಟ್ಟುತ್ತಿದ್ದರು. ಡ್ರೈವರಿನ ಹೆಂಡತಿಯನ್ನು ಸಾಕಿ ಬೆಳೆಸಿದ ಅಕ್ಕ ಅವರ ಜೊತೆಗೇ ಇದ್ದಳು, ಬಟ್ಟೆ ಹೊಲಿಯುವವಳು. ನಕ್ಷೆಯಲ್ಲಿ ಹಾಲಿನ ಪಕ್ಕ ಆಕೆಗೊಂದು ಪುಟ್ಟ ಕೋಣೆ. ಐವತ್ತು ದಾಟಿದ ಮೇಲೆ ಮೊದಲ ಸಲ ತನ್ನದೆನ್ನುವ ಬಾಗಿಲು. ಕೋಣೆಯ ಗೋಡೆ ಎದ್ದ ಮೂರನೆಯ ದಿನ ಆಕೆಯೇ ಬಂದು ಹೇಳಿದಳು:

"ಮೇಸ್ತ್ರೀ, ಈ ಗೋಡೆ ತೆಗೆದುಬಿಡಿ. ಹಾಲ್ ದೊಡ್ಡದಾಗ್ಲಿ."

"ನಾಳೆ ಹೇಳಿ, ಅಕ್ಕಾ."

ಮರುದಿನ ಬಂದು ಅದನ್ನೇ ಹೇಳಿದಳು.

"ನಿಮ್ಮ ಮಿಷನ್ ಎಲ್ಲಿಡ್ತೀರಿ?"

"ಅದಕ್ಕೇನು, ಮೆಟ್ಟಿಲ ಕೆಳಗೂ ಓಡುತ್ತೆ."

ಇನ್ನು ಒಡೆಯಲೇಬೇಕು. ಸುತ್ತಿಗೆ ತರಲು ಹೋದವರು ತಿರುಗಿ ನೋಡಿದರೆ, ಅಕ್ಕ ಪೈಪು ಹಿಡಿದು ಅದೇ ಗೋಡೆಗೆ ನೀರು ಹಾಕುತ್ತಿದ್ದಳು. ಹೊಸ ಗೋಡೆ ಗಟ್ಟಿಯಾಗಲು ವಾರವಿಡೀ ನೀರು ಕುಡಿಯಬೇಕು. ಒಂದು ಸಂದನ್ನೂ ಬಿಡದೆ, ಮಗುವಿನ ತಲೆಗೆ ನೀರೆರೆಯುವ ಹಾಗೆ, ಧಾರೆಗೆ ಕೈ ಅಡ್ಡ ಹಿಡಿದು ಹಾಕುತ್ತಿದ್ದಳು.

"ಒಡೆಯೋ ಗೋಡೆಗೆ ಯಾರಾದ್ರೂ ನೀರು ಹಾಕ್ತಾರಾ?"

"ಏನೋ, ಅಭ್ಯಾಸ" ಎಂದು ಪೈಪು ಕೆಳಗಿಟ್ಟಳು.

ಮೇಸ್ತ್ರಿ ಸುತ್ತಿಗೆ ಮುಟ್ಟಲಿಲ್ಲ. ಸಂಜೆ ಗಂಡ ಹೆಂಡತಿ ಬಂದಾಗ, ಅಕ್ಕನ ಎದುರಿಗೇ ಡ್ರೈವರನ್ನು ಕೇಳಿದರು: "ಹಾಲ್ ಇಕ್ಕಟ್ಟಾಯ್ತು ಅಂದ್ರಾ ನೀವು?"

"ನಾನಾ? ಮೊನ್ನೆ ಊಟ ಮಾಡ್ತಾ ಇಕ್ಕಟ್ಟು ಅಂದಿದ್ದು ಮೆಟ್ಟಿಲನ್ನ! ಬಸ್ ಬೇಕಾದ್ರೆ ತಿರುಗುತ್ತೆ, ಅಲ್ಲಿ ನನ್ನ ಹೊಟ್ಟೆ ತಿರುಗಲ್ಲ." ನಗು ಅರ್ಧಕ್ಕೇ ನಿಂತಿತು. "ಅತ್ತಿಗೇ, ಒಳಗಿಂದ ಅರ್ಧ ಮಾತು ಕೇಳಿಸ್ಕೊಂಡು ಗೋಡೆ ಒಡೆಸೋಕೆ ಹೊರಟ್ರಾ?"

"ನಾನೇನೂ ಕೇಳಿಸ್ಕೊಂಡಿಲ್ಲ" ಎಂದು ಅಕ್ಕ ಮುಖ ತಿರುಗಿಸಿದಳು. "ಒಬ್ಬಳಿಗೆ ಅಷ್ಟು ದೊಡ್ಡ ಕೋಣೆ ಯಾಕೆ ಅಂತ."

"ಎಂಟಡಿ ಕೋಣೆ ದೊಡ್ಡದಂತೆ!" ತಂಗಿ ಹೋಗಿ ಆ ಗೋಡೆಗೇ ಬೆನ್ನು ಕೊಟ್ಟು ನಿಂತಳು. "ಸುಮ್ನಿರೇ ಅಕ್ಕಾ. ಆ ಗೋಡೆ ಬಿದ್ರೆ ನಾನೂ ಈ ಮನೆಗೆ ಕಾಲಿಡಲ್ಲ."

ಅಳು ಶುರುವಾದರೆ ಕೆಲಸ ನಿಲ್ಲುತ್ತದೆಂದು ಮೇಸ್ತ್ರಿಗೆ ಗೊತ್ತು. ಅಕ್ಕನ ಕೈಗೆ ಸೀಮೆಸುಣ್ಣ ಕೊಟ್ಟರು. "ಇಸ್ತ್ರಿಪೆಟ್ಟಿಗೆಗೆ ಪ್ಲಗ್ ಎಲ್ಲಿ ಬರಬೇಕು, ಗುರುತು ಹಾಕಿ."

ಆಕೆ ಕೋಣೆಯೊಳಗೆ ಬಕೆಟ್ ಬೋರಲು ಹಾಕಿ, ಮಿಷನ್ ಮುಂದೆ ಕೂರುವ ಹಾಗೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಳು. ಬಲಗೈ ಚಾಚಿ ಒಂದು ಗೆರೆ ಎಳೆದಳು. ತುಸು ಹೊತ್ತು ನೋಡಿ, ಅಂಗೈಯಿಂದ ಅಳಿಸಿದಳು.

"ಅಲ್ಲ ಮೇಸ್ತ್ರೀ, ಇನ್ನೊಂದು ಗೇಣು ಈಚೆ."